ಪುಣೇರಿ ಪಲ್ಟನ್ನಿನ 96 ಅಂಕಗಳು

ಪ್ರೊ ಕಬಡ್ಡಿ ಲೀಗಿನ ಹತ್ತನೆಯ ಆವೃತ್ತಿಯಲ್ಲಿ (2023-24) ನಮ್ಮ ಊರಿನ ಪುಣೇರಿ ಪಲ್ಟನ್ ತಂಡವು 22 ಲೀಗ್ ಪಂದ್ಯಗಳನ್ನಾಡಿ 17ರಲ್ಲಿ ಗೆದ್ದು, 3ರಲ್ಲಿ ಸಮ ಸಾಧಿಸಿ, ಕೇವಲ 2ರಲ್ಲಿ ಸೋತಿತು. ಗೆಲುವಿಗೆ 5, ಸಮಕ್ಕೆ 3, ಅಲ್ಪ ಅಂತರದ ಸೋಲಿಗೆ 1 ಎಂಬ ಅಂದಿನ ನಿಯಮದಂತೆ ಒಟ್ಟು 96 ಅಂಕಗಳಾದವು. ಅಂದರೆ ಸೋತ ಎರಡು ಪಂದ್ಯಗಳಿಂದಲೂ ಬರಿಗೈಯಲ್ಲಿ ಬಂದವರಲ್ಲ; ಗುಮಾಸ್ತರಾದ ಓದುಗರು ಕೂಡಿಸಿ ನೋಡಬಹುದು. ಎರಡನೆಯ ಸ್ಥಾನದ ಜಯಪುರಕ್ಕೆ ದೊರೆತದ್ದು 92. ಆ ಪದ್ಧತಿಯಲ್ಲಿ ಇನ್ನಾವ ತಂಡವೂ 96ನ್ನು ಮುಟ್ಟಲಿಲ್ಲ. 2025ರಲ್ಲಿ ಗೆಲುವಿಗೆ 2 ಅಂಕವೆಂಬ ಹೊಸ ಲೆಕ್ಕ ಬಂದುದರಿಂದ ಈ ದಾಖಲೆಯನ್ನು ಮೀರುವ ಪ್ರಶ್ನೆಯೇ ಸದ್ಯಕ್ಕೆ ಉಳಿದಿಲ್ಲ.

ಕ್ಯಾಂಪಿನ ನಮ್ಮ ಹುಡುಗರಲ್ಲಿ ಬಹುಮಂದಿ ಬೆಂಗಳೂರು ಬುಲ್ಸ್ ಪಕ್ಷದವರೆಂಬುದನ್ನು ಬಲ್ಲೆವು. ಆದರೆ ಈ ಸಾಧನೆಯ ಹಿಂದೆ ನಿಂತಿದ್ದ ತರಬೇತುದಾರರು ಕರ್ನಾಟಕದ ಬಿ. ಸಿ. ರಮೇಶ್, 2001ರ ಅರ್ಜುನ ಪ್ರಶಸ್ತಿ ಪಡೆದವರು, 2019ರಲ್ಲಿ ಬಂಗಾಳದ ತಂಡಕ್ಕೆ ಕಪ್ಪನ್ನು ತಂದುಕೊಟ್ಟವರು. ಪರಸ್ಥಳದಲ್ಲಿ ದುಡಿದು ಆ ಸ್ಥಳಕ್ಕೇ ಕೀರ್ತಿ ತರುವುದು ನಮ್ಮವರಿಗೆ ಹೊಸತಲ್ಲ. ಅವರ ಕೈಕೆಳಗೆ ಪಲ್ಟನ್ 2022ರ ಡಿಸೆಂಬರಿನಲ್ಲಿ ಅಂತಿಮ ಪಂದ್ಯಕ್ಕೇರಿ, ಜಯಪುರಕ್ಕೆ 29-33ರಿಂದ ಸೋತಿತ್ತು. ಮರುವರ್ಷದ ದಾಖಲೆಯನ್ನು ಆ ಸೋಲಿನೊಡನೆ ಸೇರಿಸಿಯೇ ಓದಬೇಕು.

ತಂಡವನ್ನು ಕಟ್ಟಿದ ಬಗೆಯೇ ಇಲ್ಲಿ ಮುಖ್ಯ. ನಾಯಕ ಅಸ್ಲಂ ಇನಾಮದಾರ್, ಮೋಹಿತ್ ಗೋಯತ್ ಮೊದಲಾದವರು ಹೆಸರಿಲ್ಲದ ಕಾಲದಲ್ಲಿಯೇ ಈ ತಂಡಕ್ಕೆ ಬಂದು ಇಲ್ಲಿಯೇ ಪಳಗಿದವರು. ಹೊರಗಿನಿಂದ ದೊಡ್ಡ ಬೆಲೆಗೆ ಕೊಂಡದ್ದು ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿಯನ್ನು, 2.35 ಕೋಟಿ ರೂಪಾಯಿಗೆ. ಹಿಡಿತದಲ್ಲಿ ಆತ ಆ ವರ್ಷ ಎಲ್ಲರಿಗಿಂತ ಮುಂದಿದ್ದ. ಅದೇ ಹರಾಜಿನಲ್ಲಿ ತೆಲುಗು ಟೈಟನ್ಸ್ ತಂಡವು, ಹಿಂದೆ ಬೆಂಗಳೂರಿನ ಕಣ್ಮಣಿಯಾಗಿದ್ದ ಪವನ್ ಸೆಹ್ರಾವತರಿಗೆ 2.60 ಕೋಟಿಗೂ ಮಿಕ್ಕು ಹಣ ಸುರಿಯಿತು. 22ರಲ್ಲಿ 2 ಪಂದ್ಯ ಗೆದ್ದು ಕೊನೆಯ ಸ್ಥಾನಕ್ಕಿಳಿಯಿತು. ಪವನರ ಆಟದಲ್ಲಿ ದೋಷವಿತ್ತೆಂದು ನಾವು ಹೇಳುವುದಿಲ್ಲ. ಹೆಚ್ಚಿನ ಸಂಬಳ ಕೊಟ್ಟು ಹೆಸರಾಂತ ಅಡುಗೆ ಭಟ್ಟನನ್ನು ತಂದು, ರುಬ್ಬುವವನನ್ನೂ ಸಪ್ಲೈ ಮಾಡುವವನನ್ನೂ ಅಲಕ್ಷಿಸಿದ ಮಾಲಿಕನ ಗತಿಯನ್ನು ಹೋಟೆಲಿನವರಿಗೆ ವಿವರಿಸಬೇಕಾಗಿಲ್ಲ. (ಈ ತಪ್ಪನ್ನು ನಾವೂ ಒಮ್ಮೆ ಮಾಡಿ ಕೈ ಸುಟ್ಟುಕೊಂಡದ್ದುಂಟು.)

2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣಾ ಸ್ಟೀಲರ್ಸನ್ನು 28-25ರಿಂದ ಸೋಲಿಸಿ ಪಲ್ಟನ್ ಮೊದಲ ಬಾರಿಗೆ ಕಪ್ಪನ್ನು ಪಡೆಯಿತು. ಪಂಕಜ್ ಮೋಹಿತೆ ಒಂದೇ ದಾಳಿಯಲ್ಲಿ ತಂದ 4 ಅಂಕಗಳೇ ಆ ಪಂದ್ಯವನ್ನು ತಿರುಗಿಸಿದವು.

ಮುಂದಿನದು ಕಹಿಯಾದ ಅಧ್ಯಾಯ. ಶಾದ್ಲೂಯಿ ಮರಳಿ ಹರಾಜಿಗೆ ಬಂದು 2.07 ಕೋಟಿಗೆ ಹರಿಯಾಣಾದ ಪಾಲಾದ. ಅಸ್ಲಂ ಗಾಯಗೊಂಡು ಹೊರಗುಳಿದರು. ಪಲ್ಟನ್ ಮೊದಲ ಆರರಲ್ಲಿಯೂ ಸ್ಥಾನ ಪಡೆಯಲಿಲ್ಲ. ಅದೇ 2024ರ ಡಿಸೆಂಬರ್ 29ರಂದು ನಮ್ಮ ಬಾಲೇವಾಡಿಯ ಕ್ರೀಡಾಂಗಣದಲ್ಲಿಯೇ, ಆ ಶಾದ್ಲೂಯಿಯೊಡನೆ ಹರಿಯಾಣಾ ಕಪ್ಪನ್ನೆತ್ತಿತು. ವರುಷಗಟ್ಟಲೆ ಪಳಗಿಸಿ ಕೂಡಿಸಿದ್ದನ್ನು ಹರಾಜಿನ ಸುತ್ತಿಗೆ ಒಂದು ಮಧ್ಯಾಹ್ನದಲ್ಲಿ ಚದುರಿಸಬಲ್ಲದು. ಎಲ್ಲ ತಂಡಗಳಿಗೂ ಅವಕಾಶ ದೊರೆಯಲಿ ಎಂಬ ಲೀಗಿನ ಉದ್ದೇಶ ಸಾಧುವೇ. ಆದರೆ ದಾಖಲೆ ಮಾಡಿದ ತಂಡವನ್ನು ಮರುವರ್ಷ ಅದೇ ರೂಪದಲ್ಲಿ ಕಾಣುವ ಭಾಗ್ಯ ಪ್ರೇಕ್ಷಕನಿಗಿಲ್ಲ.

ಎಲ್ಲವೂ ಚದುರಲಿಲ್ಲವೆಂಬುದನ್ನೂ ಹೇಳಬೇಕು. 2025ರಲ್ಲಿ ರಮೇಶ್ ಬೆಂಗಳೂರು ಬುಲ್ಸಿಗೆ ತೆರಳಿದರು, ಇಲ್ಲಿಗೆ ಅಜಯ್ ಠಾಕೂರ್ ಬಂದರು. ಆದರೂ ಅಸ್ಲಮರ ನಾಯಕತ್ವದಲ್ಲಿ ಪಲ್ಟನ್ ಮತ್ತೆ ಅಂತಿಮ ಪಂದ್ಯಕ್ಕೇರಿ, ದಿಲ್ಲಿಗೆ 28-31ರಿಂದ ಸೋತಿತು. ಮನೆಯಲ್ಲಿ ಬೆಳೆದ ಹುಡುಗರು ಉಳಿದಿದ್ದರು. ಇತ್ತ, ರಮೇಶರನ್ನು ನೆಚ್ಚಿ ಪುಣೆಯ ಕಡೆ ವಾಲಿದ್ದ ನಮ್ಮ ಕೆಲವರು ಆ ವರ್ಷ ಯಾರಿಗೆ ಚಪ್ಪಾಳೆ ತಟ್ಟಬೇಕೆಂದು ತಿಳಿಯದೆ, ಎರಡು ಕಡೆಯೂ ತಟ್ಟಿದರು.