ಎರಡು ವೇಗಗಳು

ಹೊಸದಾಗಿ ಮೋಟಾರ್‌ಸೈಕಲ್ ಕೊಂಡ ತರುಣನಿಗೆ ಮನೆಯ ಹಿರಿಯರು ಹೇಳುವ ಹಿತವಚನ ಒಂದೇ: "ನಿಧಾನವಾಗಿ ಹೋಗಪ್ಪ." ಇದಕ್ಕಿಂತ ಒಳ್ಳೆಯ ಮಾತಿಲ್ಲ. ಆದರೆ ಅದನ್ನು ಅವನು ಎಂಜಿನ್ನಿಗೂ ಅನ್ವಯಿಸಿಕೊಂಡನೆಂದರೆ ತೊಡಕು ಪ್ರಾರಂಭವಾಯಿತೆಂದೇ ತಿಳಿಯಬೇಕು. ಗಾಡಿಯ ವೇಗ ಬೇರೆ, ಎಂಜಿನ್ನಿನ ವೇಗ ಬೇರೆ. ಆಡುಮಾತಿನಲ್ಲಿ ಎರಡಕ್ಕೂ ಒಂದೇ ಶಬ್ದವಿರುವುದರಿಂದ ಈ ಭೇದ ಮರೆತುಹೋಗುತ್ತದೆ. ಒಂದನ್ನು ಗಂಟೆಗೆ ಇಷ್ಟು ಕಿಲೋಮೀಟರೆಂದು ಅಳೆಯುತ್ತೇವೆ. ಇನ್ನೊಂದನ್ನು ನಿಮಿಷಕ್ಕೆ ಇಷ್ಟು ಸುತ್ತೆಂದು. ಇವೆರಡನ್ನೂ ಹೊಂದಿಸಿಕೊಡುವುದು ಗೇರು.

ಈ ಭೇದವನ್ನರಿಯದ ತರುಣ ಗಾಡಿ ನೂರು ಗಜ ಸಾಗುವುದರೊಳಗೆ ಕೊನೆಯ ಗೇರಿಗೆ ಏರುತ್ತಾನೆ. ಸದ್ದು ಕಡಿಮೆಯಾಯಿತು, ಪೆಟ್ರೋಲು ಉಳಿಯಿತು, ಎಂಜಿನ್ನಿಗೆ ವಿಶ್ರಾಂತಿ ದೊರೆಯಿತು ಎಂದು ಅವನ ಎಣಿಕೆ. ಸಮತಟ್ಟಾದ ರಸ್ತೆಯಲ್ಲಿ, ಹೊರೆ ಹಗುರವಾಗಿದ್ದಾಗ, ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಹಿಂದೆ ಒಬ್ಬರು ಕುಳಿತು, ಮುಂದೆ ಏರುದಾರಿ ಬಂದಾಗ ಎಣಿಕೆ ತಪ್ಪುತ್ತದೆ. ನಾಲ್ಕು ಸ್ಟ್ರೋಕಿನ ಒಂಟಿ ಸಿಲಿಂಡರಿನ ಎಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ ಮಾತ್ರ ಇಂಧನವುರಿದು ಪಿಸ್ಟನ್ನನ್ನು ನೂಕುತ್ತದೆ. ನಿಮಿಷಕ್ಕೆ 4000 ಸುತ್ತಿದ್ದರೆ ಸೆಕೆಂಡಿಗೆ ಸುಮಾರು 33 ಸಲ ಈ ನೂಕು ದೊರೆಯುತ್ತದೆ. 1500ಕ್ಕೆ ಇಳಿದರೆ ಹನ್ನೆರಡೋ ಹದಿಮೂರೋ ಸಲ. ಆ ಕೆಲವೇ ನೂಕುಗಳು ಇಡೀ ಹೊರೆಯನ್ನು ಎಳೆಯಬೇಕಾದಾಗ ಗಾಡಿ ನಡುಗುತ್ತದೆ, ಚೈನು ಜಗ್ಗುತ್ತದೆ, ಬೇರಿಂಗುಗಳ ಮೇಲೆ ಪೆಟ್ಟು ಬೀಳುತ್ತದೆ. ನಾವು ವಿಶ್ರಾಂತಿಯೆಂದು ಭಾವಿಸಿದ್ದು ಎಂಜಿನ್ನಿಗೆ ಏದುಸಿರು. ಅಷ್ಟೇ ಅಲ್ಲ, ಲಾರಿಯೊಂದನ್ನು ಹಿಂದೆ ಹಾಕುವ ಗಳಿಗೆಯಲ್ಲಿ ಬೇಕಾದ ಎಳೆತ ಅದರಲ್ಲಿ ಇರುವುದೇ ಇಲ್ಲ. ಇಲ್ಲಿ ಅಪಾಯ ಎಂಜಿನ್ನಿಗಲ್ಲ, ಪ್ರಾಣಕ್ಕೆ.

ಅತಿಯಾಗಿ ಸುತ್ತಿಸುವವರ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಅವರ ಸದ್ದೇ ಊರಿಗೆಲ್ಲ ಹೇಳುತ್ತದೆ. ಘರ್ಷಣೆ ಹೆಚ್ಚುತ್ತದೆ, ಪೆಟ್ರೋಲು ವ್ಯಯವಾಗುತ್ತದೆ, ಕಂಪನದಿಂದ ಅಂಗೈ ಜೋಮು ಹಿಡಿಯುತ್ತದೆ.

ಹಾಗಾದರೆ ಸರಿಯಾದ ಸಂಖ್ಯೆ ಯಾವುದು? ಎಲ್ಲ ಗಾಡಿಗಳಿಗೂ ಸಲ್ಲುವ ಸಂಖ್ಯೆಯೇ ಇಲ್ಲ. 2021ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಎಳೆತ ಪರಮಾವಧಿ ಮುಟ್ಟುವುದು 4000 ಸುತ್ತಿನಲ್ಲಿ. ಪುಟ್ಟ ಸ್ಪ್ಲೆಂಡರಿಗೆ 6000 ಬೇಕು. ಮೊದಲನೆಯದರ ಪಿಸ್ಟನ್ ಒಂದೊಂದು ಸಲವೂ 85.8 ಮಿ.ಮೀ. ಸಾಗಬೇಕು, ಎರಡನೆಯದರದು ಸುಮಾರು 50. ಹೀಗಿರುವಾಗ ಒಬ್ಬರ ಗಾಡಿಯ ಲೆಕ್ಕವನ್ನು ಇನ್ನೊಬ್ಬರಿಗೆ ಹೇಳಿ ಫಲವೇನು?

ಹಿರಿಯರ ಸಲಹೆಗಳಿಗೂ ಇದು ಸಲ್ಲುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳನ್ನು ಓಡಿಸಿದವರು ನಮ್ಮಲ್ಲಿ ಇನ್ನೂ ಬಹಳ ಮಂದಿಯಿದ್ದಾರೆ. ಅವು ಎರಡು ಸ್ಟ್ರೋಕಿನವು. ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸುತ್ತಿದ್ದರು. ಘಾಟಿಯ ಇಳಿಜಾರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಬಿಟ್ಟು ಎಂಜಿನ್ ಸುತ್ತಗೊಟ್ಟರೆ, ಪೆಟ್ರೋಲಿನೊಡನೆ ಎಣ್ಣೆಯೂ ನಿಂತು ಪಿಸ್ಟನ್ ಕಚ್ಚಿಕೊಳ್ಳುವ ಭಯವಿತ್ತು. ಇಳಿಯುವಾಗ ಕ್ಲಚ್ಚು ಹಿಡಿಯುವ ಅಭ್ಯಾಸಕ್ಕೆ ಆಗ ಅರ್ಥವಿತ್ತು. ನಾಲ್ಕು ಸ್ಟ್ರೋಕಿನಲ್ಲಿ ಎಣ್ಣೆಯ ಏರ್ಪಾಡೇ ಬೇರೆ; ಎಂಜಿನ್ ಸುತ್ತಿದಂತೆಲ್ಲ ಪಂಪು ಎಣ್ಣೆಯೊದಗಿಸುತ್ತದೆ. ಇಲ್ಲಿ ಕೆಳಗಿನ ಗೇರಿನಲ್ಲಿಳಿದರೆ ಎಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ, ಬ್ರೇಕು ಕಾಯುವುದು ತಪ್ಪುತ್ತದೆ. ಅಂದಿನ ಅಭ್ಯಾಸವನ್ನು ಇಂದಿನ ಗಾಡಿಗೆ ತಂದರೆ ಈ ಆಧಾರವನ್ನೇ ಕಳೆದುಕೊಂಡಂತೆ.

ಹೊಸಬನಿಗೆ ಬೇಕಾದುದು ಸಂಖ್ಯೆಯಲ್ಲ, ಪರೀಕ್ಷೆ. ಆಕ್ಸಿಲರೇಟರನ್ನು ತುಸು ತಿರುಗಿಸಿದಾಗ ಗಾಡಿ ನಡುಗದೆ ಮುಂದಕ್ಕೆ ಬರಬೇಕು. ತುಸು ಬಿಟ್ಟಾಗ ಬ್ರೇಕಿಲ್ಲದೆಯೇ ತಗ್ಗಬೇಕು. ಈ ಎರಡಕ್ಕೂ ಅನುವಾಗಿರುವ ನಡುವಿನ ಸುತ್ತೇ ದೂರದಾರಿಗೆ ಹಿತವಾದುದು. ಪದ್ಯವನ್ನೋದಲು ಕಲಿಯುವ ವಿದ್ಯಾರ್ಥಿಗೆ ಮಾತ್ರೆಗಳನ್ನು ಎಣಿಸಲು ಹೇಳುತ್ತೇವೆ. ಲಯ ಕಿವಿಗೆ ಹತ್ತಿದ ಮೇಲೆ ಎಣಿಕೆ ತಾನಾಗಿ ಬಿಟ್ಟುಹೋಗುತ್ತದೆ. ಮೀಟರಿನ ಮುಳ್ಳಿನ ಪ್ರಯೋಜನವೂ ಇಷ್ಟೇ.

ಲೈಸೆನ್ಸಿಗಾಗಿ ಎಂಟು ಹಾಕುವುದನ್ನು ನಮ್ಮ ಮಕ್ಕಳಿಗೆ ಶ್ರದ್ಧೆಯಿಂದ ಕಲಿಸುತ್ತೇವೆ. ಎಂಜಿನ್ನಿನ ದನಿಯನ್ನು ಆಲಿಸುವುದನ್ನೂ ಅದರ ಜೊತೆಗೆ ಕಲಿಸತಕ್ಕದ್ದು. "ನಿಧಾನವಾಗಿ ಹೋಗಪ್ಪ" ಎಂಬ ಮಾತು ಆಗ ಅವರಿಗೆ ಸರಿಯಾದ ಅರ್ಥದಲ್ಲಿ ತಲುಪುತ್ತದೆ.