ಪೀಳಿಗೆ ಸೊನ್ನೆಯ ಬೆಕ್ಕುಗಳು, ನಮ್ಮ ಜಾತಿ ನಾಯಿಗಳು

ಕಂಪ್ಯೂಟರಿನಲ್ಲಿ ಬೆಕ್ಕಿನ ಮರಿ ಹಾಕಿಸುವ ಆಟಗಳಿಂದ ಮಕ್ಕಳು ತಳಿವಿಜ್ಞಾನ ಕಲಿಯುತ್ತಾರೆ ಎಂಬ ಮಾತನ್ನು ನಾನು ಹಲವರ ಬಾಯಲ್ಲಿ ಕೇಳಿದ್ದೇನೆ. ಹೇಳುವವರಲ್ಲಿ ಸಾಫ್ಟ್‌ವೇರಿನವರಿದ್ದಾರೆ, ಮೇಷ್ಟ್ರುಗಳಿದ್ದಾರೆ, ಮಗ ಮೊಬೈಲು ಬಿಡುತ್ತಿಲ್ಲವಲ್ಲ ಎಂಬ ಚಿಂತೆಗೆ ಒಂದು ಸಮಾಧಾನ ಹುಡುಕುತ್ತಿರುವ ಅಪ್ಪ ಅಮ್ಮಂದಿರೂ ಇದ್ದಾರೆ. ಇಪ್ಪತ್ತು ವರ್ಷದಿಂದ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತಿರುವ ನನಗೆ ಈ ಮಾತು ಒಪ್ಪಿಗೆಯಿಲ್ಲ. ಆಟ ಆಡಬಾರದು ಎಂಬುದು ನನ್ನ ತಕರಾರಲ್ಲ. ಆಟಕ್ಕೆ ವಿಜ್ಞಾನದ ಅಂಗಿ ತೊಡಿಸಿ ತರಗತಿಗೆ ಕರೆತರಬೇಡಿ ಎಂಬುದಷ್ಟೇ ನನ್ನ ಮಾತು. ಇವುಗಳಲ್ಲಿ ಅತಿ ಹೆಚ್ಚು ಹೆಸರು ಮಾಡಿದ ಆಟ ಕಲಿಸುವುದು ಮೆಂಡೆಲನ ಪಾಠವನ್ನಲ್ಲ, ಪೇಟೆಯ ಪಾಠವನ್ನು. ಅದರ ಜೊತೆಗೆ, ನಮ್ಮಲ್ಲಿ ಈಗಾಗಲೇ ಬೇಕಾದಷ್ಟಿರುವ ಹುಟ್ಟಿನ ಹೆಮ್ಮೆಯ ಪಾಠವನ್ನು.

ಆ ಆಟ ಕ್ರಿಪ್ಟೊಕಿಟೀಸ್. 2017ರ ನವೆಂಬರಿನಲ್ಲಿ ಕೆನಡಾದ ವ್ಯಾಂಕೂವರಿನ ಒಂದು ಕಂಪನಿ ಇದನ್ನು ಈಥೀರಿಯಂ ಎಂಬ ಬ್ಲಾಕ್‌ಚೈನಿನ ಮೇಲೆ ಶುರುಮಾಡಿತು. ಡಿಸೆಂಬರಿನ ಹೊತ್ತಿಗೆ ಬೆಕ್ಕುಗಳ ವ್ಯವಹಾರ ಎಷ್ಟು ಹೆಚ್ಚಿತೆಂದರೆ ಆ ಜಾಲದಲ್ಲಿ ಉಳಿದವರ ಹಣದ ವಹಿವಾಟೂ ಸಾಲಿನಲ್ಲಿ ಕಾಯಬೇಕಾಯಿತು. ಆಟದ ಕ್ರಮ ಸರಳ. ಒಂದು ಬೆಕ್ಕು ಕೊಳ್ಳಬೇಕು, ಇನ್ನೊಂದರ ಜೊತೆ ಕೂಡಿಸಬೇಕು, ಹುಟ್ಟಿದ ಮರಿಯನ್ನು ಇಟ್ಟುಕೊಳ್ಳಬೇಕು ಇಲ್ಲವೇ ಮಾರಬೇಕು. ಪ್ರತಿ ಬೆಕ್ಕಿಗೂ 256 ಬಿಟ್ಟುಗಳ ಒಂದು ದೊಡ್ಡ ಸಂಖ್ಯೆ ಇರುತ್ತದೆ. ಅದೇ ಅದರ ವಂಶವಾಹಿ. ಆ ಸಂಖ್ಯೆಯೊಳಗೆ ಹನ್ನೆರಡು ಗುಂಪುಗಳು. ಮೈಬಣ್ಣಕ್ಕೆ ಒಂದು, ಕಣ್ಣಿನ ಆಕಾರಕ್ಕೆ ಒಂದು, ಬಾಯಿಗೆ ಒಂದು, ಹೀಗೆ. ಒಂದೊಂದು ಗುಂಪಿನಲ್ಲಿ ನಾಲ್ಕು ಜೀನುಗಳು. ಕಣ್ಣಿಗೆ ಕಾಣುವುದು ಮೊದಲನೆಯದು ಮಾತ್ರ. ಉಳಿದ ಮೂರು ಒಳಗೇ ಅಡಗಿ ಕೂತಿದ್ದು, ಮಗನಲ್ಲೋ ಮರಿಮಗನಲ್ಲೋ ಮೇಲೆ ಬರಬಹುದು. ಜೊತೆಗೆ, ಎರಡು ನಿರ್ದಿಷ್ಟ ಜೀನುಗಳು ಎದುರುಬದುರಾದರೆ ಇಬ್ಬರಲ್ಲೂ ಇಲ್ಲದ ಹೊಸ ಗುಣ ಹುಟ್ಟುವ ಸಂಭವವೂ ಇದೆ.

ನಿಜ ಹೇಳಬೇಕೆಂದರೆ ಇಷ್ಟರ ಮಟ್ಟಿಗೆ ಆಟ ಚೆನ್ನಾಗಿದೆ. ಇನ್ನೂ ಒಂದು ಹೊಗಳಿಕೆ ಸಲ್ಲಬೇಕು. ಜೀನುಗಳನ್ನು ಬೆರೆಸುವ ಸೂತ್ರದ ಮೂಲ ಬರಹವನ್ನು ಕಂಪನಿ ಪ್ರಕಟಿಸಲಿಲ್ಲ. ಆದರೆ ಪ್ರತಿ ಬೆಕ್ಕಿನ ಹುಟ್ಟೂ ಎಲ್ಲರಿಗೂ ಕಾಣುವಂತೆ ಬ್ಲಾಕ್‌ಚೈನಿನಲ್ಲಿ ದಾಖಲಾಗುತ್ತಿತ್ತು. ಕೆಲವು ಆಟಗಾರರು ತಂದೆ, ತಾಯಿ, ಮರಿಗಳ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಕಂಡ ಬೆಕ್ಕಿನ ಚಿತ್ರದೊಂದಿಗೆ ಹೋಲಿಸಿ, ಕೆಲವೇ ತಿಂಗಳಲ್ಲಿ ಗುಟ್ಟನ್ನು ಬಿಡಿಸಿಬಿಟ್ಟರು. ನಾಲ್ಕನೆಯ ಜೀನು ಮೂರನೆಯದರ ಜಾಗಕ್ಕೆ, ಮೂರನೆಯದು ಎರಡನೆಯದರ ಜಾಗಕ್ಕೆ ಏರಲು ನಾಲ್ಕರಲ್ಲಿ ಒಂದು ಅವಕಾಶ ಎಂಬಷ್ಟು ನಿಖರವಾಗಿ ಬಿಡಿಸಿದರು. ಕಂಡದ್ದರಿಂದ ಕಾಣದ್ದನ್ನು ಎಣಿಕೆಯ ಮೂಲಕ ಊಹಿಸುವುದು ಶುದ್ಧ ಮೆಂಡೆಲನ ದಾರಿಯೇ. ಆ ಕೆಲಸ ಮಾಡಿದವರಿಗೆ ನನ್ನ ನಮಸ್ಕಾರ. ನನ್ನ ಜಗಳವಿರುವುದು ಆಮೇಲೆ ನಡೆದದ್ದರ ಜೊತೆ. ಗುಟ್ಟು ಬಯಲಾದ ಕೂಡಲೇ ಅದು ಬೆಲೆಪಟ್ಟಿಯಾಯಿತು. ಒಳಗೆ ಏನು ಅಡಗಿದೆ ಎಂಬ ಕುತೂಹಲದ ಜಾಗದಲ್ಲಿ ಅಡಗಿದ್ದು ಎಷ್ಟಕ್ಕೆ ಹೋಗುತ್ತದೆ ಎಂಬ ಲೆಕ್ಕಾಚಾರ ಬಂದು ಕೂತಿತು.

ಮೆಂಡೆಲ್ ಏನು ಮಾಡಿದ ಎಂದು ಒಮ್ಮೆ ನೆನಪಿಸಿಕೊಳ್ಳಿ. ಬ್ರುನೋ ಊರಿನ ಮಠದ ತೋಟದಲ್ಲಿ ಬಟಾಣಿ ಬೆಳೆದ. ಗುಂಡುಬೀಜದ ಗಿಡವನ್ನೂ ಸುಕ್ಕುಬೀಜದ ಗಿಡವನ್ನೂ ಕೂಡಿಸಿದ. ಮೊದಲ ಪೀಳಿಗೆಯಲ್ಲಿ ಸುಕ್ಕು ಮಾಯವಾಯಿತು. ಎರಡನೆಯ ಪೀಳಿಗೆಯಲ್ಲಿ ಮರಳಿ ಬಂತು. ಆಗ ಅವನು ಎಣಿಸಿದ: ಗುಂಡು 5,474, ಸುಕ್ಕು 1,850. ಹೆಚ್ಚುಕಡಿಮೆ ಮೂರಕ್ಕೆ ಒಂದು. 1866ರಲ್ಲಿ ಅಚ್ಚಾದ ಆ ಪ್ರಬಂಧದ ಜೀವ ಇರುವುದು ಈ ಎಣಿಕೆಯಲ್ಲಿ. ಅಪರೂಪದ್ದೆಂದು ಸುಕ್ಕು ಕಾಳನ್ನು ಅವನು ಬೇರೆ ತೆಗೆದಿಟ್ಟು ಮೆರೆಸಲಿಲ್ಲ. ಸಾಮಾನ್ಯವೆಂದು ಗುಂಡು ಕಾಳನ್ನು ತಿಪ್ಪೆಗೆ ಸುರಿಯಲಿಲ್ಲ. 5,474 ಸಾಧಾರಣ ಕಾಳುಗಳಿಲ್ಲದೆ 1,850ಕ್ಕೆ ಯಾವ ಅರ್ಥವೂ ಇಲ್ಲ. ಕಿಟೀಸ್ ಆಟದಲ್ಲಿ ಅಪರೂಪದ ಗುಣ ತೋರದ ಮರಿ ಬಂಡವಾಳದ ನಷ್ಟ. ಅದನ್ನು ಎಣಿಸುವವರಿಲ್ಲ, ಅಗ್ಗಕ್ಕೆ ತಳ್ಳುವವರೇ ಎಲ್ಲ. ಬೇಕಾದದ್ದನ್ನು ಮಾತ್ರ ನೋಡಿ ಬೇಡದ್ದನ್ನು ಬಿಡುವುದನ್ನು ವಿಜ್ಞಾನದಲ್ಲಿ ಮೋಸ ಎನ್ನುತ್ತಾರೆ. ಪೇಟೆಯಲ್ಲಿ ಜಾಣತನ ಎನ್ನುತ್ತಾರೆ.

‘ಅಡಗಿದ’ ಎಂಬ ಪದವನ್ನೂ ಈ ಆಟ ಕೆಡಿಸಿದೆ. ಬಟಾಣಿಯಲ್ಲಿ ಸುಕ್ಕಿನ ಗುಣವನ್ನು ಯಾರೂ ಅಡಗಿಸಿಟ್ಟಿರಲಿಲ್ಲ. ಅದು ಇದ್ದಲ್ಲೇ ಇತ್ತು, ನೋಡುವವರಿಗೆ ದಾರಿ ತಿಳಿದಿರಲಿಲ್ಲ, ಅಷ್ಟೆ. ಇಲ್ಲಿ ಹಾಗಲ್ಲ. ಹನ್ನೆರಡು ಗುಂಪುಗಳಲ್ಲಿ ಕೆಲವು ಮೊದಮೊದಲು ಯಾವ ಗುಣವನ್ನೂ ತೋರಿಸುತ್ತಿರಲಿಲ್ಲ. ಕಂಪನಿ ಮನಸ್ಸು ಮಾಡಿ ಹೊಸ ಚಿತ್ರಗಳನ್ನು ಬರೆಸಿದ ಮೇಲೆ ಅದೇ ಹಳೆಯ ಅಂಕಿಗಳಿಗೆ ಅರ್ಥ ಬಂತು. ಅಂದರೆ ಇಲ್ಲಿ ಗುಟ್ಟು ಪ್ರಕೃತಿಯದಲ್ಲ, ಮಾಲೀಕನದು. ಲಾಟರಿ ಚೀಟಿಯ ಬೆಳ್ಳಿಪದರ ಕೆರೆದವನು ಸಂಶೋಧಕನಾದರೆ ಇವರೂ ಸಂಶೋಧಕರು.

ಇನ್ನು ಹುಟ್ಟಿನ ಮಾತು. ಕಂಪನಿಯೇ ಸೃಷ್ಟಿಸಿ ಬಿಟ್ಟ ಬೆಕ್ಕುಗಳು ‘ಪೀಳಿಗೆ ಸೊನ್ನೆ’. ಇವು ಐವತ್ತು ಸಾವಿರಕ್ಕಿಂತ ಹೆಚ್ಚಾಗಬಾರದೆಂದು ಮೊದಲೇ ಕಟ್ಟು ಹಾಕಿದ್ದರು. ಅವುಗಳ ಮರಿ ಪೀಳಿಗೆ ಒಂದು, ಆ ಮರಿಯ ಮರಿ ಎರಡು. ತಂದೆ ತಾಯಿಗಳಲ್ಲಿ ಯಾರ ಪೀಳಿಗೆಯ ಸಂಖ್ಯೆ ದೊಡ್ಡದೋ ಅದಕ್ಕೆ ಒಂದು ಕೂಡಿಸಿದರೆ ಮರಿಯದು. ಮೂಲದಿಂದ ದೂರವಾದಷ್ಟೂ ಮುಂದಿನ ಮರಿಗಾಗಿ ಕಾಯಬೇಕಾದ ಹೊತ್ತು ಹೆಚ್ಚು, ಸಾಮಾನ್ಯವಾಗಿ ಬೆಲೆಯೂ ಕಡಿಮೆ. ಏನೇ ಮಾಡಿದರೂ ಒಂದು ಬೆಕ್ಕು ತನ್ನ ಹುಟ್ಟಿನ ಅಂಕಿಯಿಂದ ಮೇಲೇಳಲಾರದು. ಎಲ್ಲಕ್ಕಿಂತ ಮೊದಲು ಹುಟ್ಟಿದ ‘ಜೆನೆಸಿಸ್’ ಎಂಬ ಬೆಕ್ಕು 2017ರ ಡಿಸೆಂಬರಿನಲ್ಲಿ ಸುಮಾರು 247 ಈಥರಿಗೆ ಮಾರಾಟವಾಯಿತು. ಅಂದಿನ ಲೆಕ್ಕದಲ್ಲಿ ಒಂದು ಲಕ್ಷ ಡಾಲರಿಗೂ ಮಿಕ್ಕ ಹಣ. ಅದರ ಹೆಚ್ಚುಗಾರಿಕೆ ಏನು? ಮೊದಲು ಹುಟ್ಟಿದ್ದು! ಈ ವ್ಯವಸ್ಥೆಯನ್ನು ವಿವರಿಸಿ ಹೇಳಲು ಕನ್ನಡದ ಓದುಗರಿಗೆ ನಾನು ಹೆಚ್ಚು ಮಾತು ಖರ್ಚು ಮಾಡಬೇಕಿಲ್ಲ. ಮೂಲಪುರುಷನಿಗೆ ಹತ್ತಿರದವನು ಮೇಲು, ದೂರದವನು ಕೀಳು ಎಂಬ ಲೆಕ್ಕ ನಮಗೆ ಕಂಪ್ಯೂಟರಿಗಿಂತ ಹಳೆಯದು.

ನಮ್ಮ ಮಾತನ್ನೇ ಕೇಳಿ. ಪೇಟೆಯಿಂದ ಕೊಂಡು ತಂದ ನಾಯಿಯನ್ನು ನಾವು ‘ಜಾತಿ ನಾಯಿ’ ಎನ್ನುತ್ತೇವೆ. ಬೀದಿಯದು ‘ಕಂತ್ರಿ ನಾಯಿ’. ಇಂಗ್ಲಿಷಿನ ಕಂಟ್ರಿ ನಮ್ಮ ಬಾಯಲ್ಲಿ ಕಂತ್ರಿಯಾಗಿ, ‘ನಮ್ಮ ನಾಡಿನದು’ ಎಂಬ ಅರ್ಥ ಕಳೆದುಕೊಂಡು, ಮನುಷ್ಯರನ್ನು ಬೈಯುವ ಪದವೇ ಆಗಿಹೋಯಿತು. ತಳಿಶುದ್ಧಿಯ ಮಾತು ಬಂದಾಗ ನಾವು ಬೇರೆ ಪದ ಹುಡುಕಲಿಲ್ಲ, ಕೈಗೆ ಸಿಕ್ಕಿದ್ದು ‘ಜಾತಿ’. ಇಂಥ ನೆಲದಲ್ಲಿ ಬೆಳೆಯುವ ಹುಡುಗನಿಗೆ ಪೀಳಿಗೆ ಸೊನ್ನೆಯ ಬೆಕ್ಕನ್ನು ತೋರಿಸಿ ಇದು ವಿಜ್ಞಾನ ಎಂದರೆ, ಅವನು ಹೊಸದೇನನ್ನೂ ಕಲಿಯುವುದಿಲ್ಲ. ಮನೆಯಲ್ಲಿ ಕೇಳಿದ್ದೇ ಸರಿ ಎಂದುಕೊಳ್ಳುತ್ತಾನೆ.

ಈ ಬೆಕ್ಕುಗಳಿಗೆ ಸಾವಿಲ್ಲ, ಕಾಯಿಲೆಯಿಲ್ಲ, ನೋವಿಲ್ಲ. ಹಾಗಾಗಿ ಯಾವ ಗುಣಕ್ಕೂ ತೆರಬೇಕಾದ ಬೆಲೆಯಿಲ್ಲ. ಜೀವಂತ ಬೆಕ್ಕುಗಳ ಕತೆ ಬೇರೆ. 1961ರಲ್ಲಿ ಸ್ಕಾಟ್ಲೆಂಡಿನ ಒಂದು ತೋಟದ ಮನೆಯ ಹತ್ತಿರ ಮಡಿಚಿದ ಕಿವಿಯ ಬಿಳಿ ಬೆಕ್ಕೊಂದು ಜನರ ಕಣ್ಣಿಗೆ ಬಿತ್ತು. ಹೆಸರು ಸೂಸಿ. ಅವಳ ಸಂತಾನವೇ ಇಂದು ಜಗತ್ತಿನಲ್ಲಿ ‘ಸ್ಕಾಟಿಷ್ ಫೋಲ್ಡ್’ ಎಂದು ಮಾರಾಟವಾಗುವ, ಗೂಬೆಮುಖದ ಮುದ್ದು ಬೆಕ್ಕು. ಕಿವಿ ಮಡಿಚಲು ಕಾರಣ ಮೃದ್ವಸ್ಥಿಯ ದೋಷ. ಮೃದ್ವಸ್ಥಿ ಕಿವಿಯಲ್ಲಿ ಮಾತ್ರವೇ ಇರುತ್ತದೆಯೇ? ಕೀಲುಗಳಲ್ಲೂ ಇರುತ್ತದೆ. ಹಾಗಾಗಿ ಕಾಲು, ಬಾಲ ಬಿರುಸಾಗಿ, ನಡೆದರೆ ನೋವು. ಎರಡೂ ಕಡೆಯಿಂದ ಆ ಜೀನು ಬಂದ ಮರಿಯ ಪಾಡು ಹೇಳತೀರದು. ನೆದರ್ಲೆಂಡ್ಸ್ ಈ ತಳಿಯ ಸಾಕಣೆಯನ್ನೇ ನಿಷೇಧಿಸಿದೆ. ನಾವು ಮುದ್ದು ಎಂದು ವೀಡಿಯೋ ನೋಡುತ್ತಿರುವಾಗ ಆ ಬೆಕ್ಕು ಮುದುರಿ ಕೂತಿರುವುದು ಕೀಲುನೋವಿಗೂ ಇರಬಹುದು.

ಸಂಖ್ಯೆಯೇ ಬೆಕ್ಕು ಎಂಬ ನಂಬಿಕೆಗೆ ಇನ್ನೊಂದು ಉತ್ತರವೂ ಇದೆ. 2001ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಜಗತ್ತಿನ ಮೊದಲ ತದ್ರೂಪಿ ಬೆಕ್ಕು ಹುಟ್ಟಿತು. ‘ರೇನ್‌ಬೋ’ ಎಂಬ ಮೂರು ಬಣ್ಣದ ಬೆಕ್ಕಿನ ಜೀವಕೋಶದಿಂದ ಮಾಡಿದ ಮರಿ. ಆದರೆ ಮರಿಯ ಮೈಮೇಲೆ ಕಿತ್ತಳೆ ಬಣ್ಣವೇ ಇರಲಿಲ್ಲ! ಕಾರಣ ಇಷ್ಟೇ. ಕಿತ್ತಳೆ ಬಣ್ಣದ ಜೀನು ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಣ್ಣಿನ ಒಂದೊಂದು ಜೀವಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ನಿದ್ದೆಹೋಗುತ್ತದೆ, ಯಾವುದೆಂಬುದು ಭ್ರೂಣದಲ್ಲಿ ಆಕಸ್ಮಿಕವಾಗಿ ನಿರ್ಧಾರವಾಗುತ್ತದೆ. ಅದರಿಂದಲೇ ಮೈಮೇಲಿನ ತೇಪೆ. ತದ್ರೂಪಿಗೆ ಸಿಕ್ಕಿದ್ದು ಕಿತ್ತಳೆ ನಿದ್ದೆಹೋದ ಕೋಶ. ಅದೇ ವಂಶವಾಹಿ, ಬೇರೆಯೇ ಬೆಕ್ಕು. ಕಿಟೀಸ್‌ನಲ್ಲಿ ಗಂಡು ಹೆಣ್ಣೆಂಬುದೇ ಇಲ್ಲ, ಯಾವ ಬೆಕ್ಕೂ ತಂದೆಯಾಗಬಹುದು, ತಾಯಿಯೂ ಆಗಬಹುದು. ಅಲ್ಲಿ ಈ ಪಾಠಕ್ಕೆ ಜಾಗವೆಲ್ಲಿ?

ಕಂಪ್ಯೂಟರಿನಲ್ಲಿ ಇದನ್ನೆಲ್ಲ ಮಾಡಲಾಗದು ಎಂದೂ ಯಾರೂ ಹೇಳಬೇಡಿ. 1996ರಲ್ಲಿ ಬಂದ ‘ಕ್ರಿಯೇಚರ್ಸ್’ ಎಂಬ ಆಟದ ನಾರ್ನ್ ಎಂಬ ಪ್ರಾಣಿಗಳಿಗೆ ಜೀನು ಬರೀ ಬಣ್ಣ ಕೊಡುತ್ತಿರಲಿಲ್ಲ. ಹಸಿವು, ದಣಿವು, ಕಲಿಕೆ ಎಲ್ಲದರ ಹಿಂದೆಯೂ ಜೀನಿನ ಕೈವಾಡವಿರುತ್ತಿತ್ತು. ಅವು ಮುದಿಯಾಗಿ ಸಾಯುತ್ತಿದ್ದವು. ಕೆಟ್ಟ ಜೀನು ಬಂದರೆ ಮರಿ ಒದ್ದಾಡುತ್ತಿತ್ತು. ಅದನ್ನು ಆಡಿದ ಹುಡುಗನಿಗೆ ಜೀನು ಎಂದರೆ ಬದುಕುವ ಬಗೆ ಎಂದು ಗೊತ್ತಾಗುತ್ತಿತ್ತು. ಇಪ್ಪತ್ತು ವರ್ಷದ ನಂತರ ಬಂದ ಆಟದಲ್ಲಿ ಜೀನು ಎಂದರೆ ಅಲಂಕಾರ. ಇದನ್ನು ಮುನ್ನಡೆ ಎನ್ನಬೇಕೆ?

ನನಗೆ ಈ ವಿಷಯದಲ್ಲಿ ಇಷ್ಟು ಸಿಟ್ಟು ಯಾಕೆ ಎಂದು ಕೇಳಬಹುದು. ‘ಅಡಗಿದ ಗುಣ’ ಎಂಬ ಪಾಠ ಮಾಡಿದ ಮೇಲೆ ಪ್ರತಿ ವರ್ಷ ಒಬ್ಬ ಹುಡುಗಿಯಾದರೂ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ. “ಸರ್, ನಮ್ಮಪ್ಪ ನಮ್ಮಮ್ಮನ ಸ್ವಂತ ಸೋದರಮಾವ. ನನಗೇನಾದ್ರೂ ಆಗುತ್ತಾ ಸರ್?” ಇಲ್ಲವೇ, “ನನ್ನನ್ನ ಅತ್ತೆ ಮಗನಿಗೆ ಕೊಡ್ತಾರಂತೆ ಸರ್.” ಕಿಟೀಸ್ ಆಟದಲ್ಲಿ ಒಡಹುಟ್ಟಿದವರನ್ನು ಕೂಡಿಸುವಂತಿಲ್ಲ ಎಂಬ ನಿಯಮವಿದೆ, ಆದರೆ ಅದನ್ನು ಮುರಿದರೆ ಏನಾಗುತ್ತದೆ ಎಂಬುದು ಅಲ್ಲಿಲ್ಲ. ನಮ್ಮ ಮನೆಗಳಲ್ಲಿದೆ. ಒಂದೇ ಅಜ್ಜಿಯಿಂದ ಬಂದ ಅದೇ ಜೀನು ಎರಡೂ ಕಡೆಯಿಂದ ಮಗುವಿಗೆ ಬಂದು ಸೇರಿದಾಗ, ತಲೆಮಾರುಗಳಿಂದ ತೆಪ್ಪಗಿದ್ದ ಕಾಯಿಲೆ ಎದ್ದು ಕೂರುತ್ತದೆ. ಆ ಹುಡುಗಿಗೆ ನಾನು ಹೇಳುವುದು ಇಷ್ಟು. ಇಂಥ ಜೀನುಗಳು ನಮ್ಮೆಲ್ಲರಲ್ಲೂ ಇವೆ, ನಾಚಿಕೆಪಡುವಂಥದ್ದೇನಿಲ್ಲ. ಸಂಬಂಧದಲ್ಲಿ ಮದುವೆಯಾದ ಬಹುಪಾಲು ಜನರ ಮಕ್ಕಳು ಚೆನ್ನಾಗಿಯೇ ಇರುತ್ತಾರೆ. ಆದರೆ ಅಪಾಯ ಹೆಚ್ಚುವುದು ನಿಜ, ಮದುವೆಗೆ ಮುಂಚೆ ಡಾಕ್ಟರನ್ನು ಕೇಳುವ ಹಕ್ಕು ನಿನಗಿದೆ. ಅಡಗಿದ ಜೀನೆಂದರೆ ನಿಧಿ, ಕೆದಕಿ ತೆಗೆದವನು ಸಾಹುಕಾರ ಎಂದು ಆಟದಲ್ಲಿ ಕಲಿತು ಬಂದವಳಿಗೆ ಈ ಮಾತು ತಲುಪುವುದು ಕಷ್ಟ.

ಪ್ರಬಲ, ದುರ್ಬಲ ಎಂದು ನಾವು ಹೇಳಿಕೊಡುವ ಪದಗಳೂ ಸಹಾಯ ಮಾಡುವುದಿಲ್ಲ. ಪ್ರಬಲ ಎಂದರೆ ಒಳ್ಳೆಯದು, ದುರ್ಬಲ ಎಂದರೆ ಕೆಟ್ಟದ್ದು ಎಂದು ಮಕ್ಕಳು ಬರೆಯುತ್ತಾರೆ. ಸ್ಕಾಟಿಷ್ ಫೋಲ್ಡಿನ ಕೀಲು ಕೆಡಿಸುವ ಜೀನು ಪ್ರಬಲವಾದದ್ದೇ! ಕಾಣುವುದು, ಕಾಣದಿರುವುದು ಎಂದರೆ ಸಾಕಿತ್ತು.

ಹಾಗಾದರೆ ಬೆಕ್ಕಿನಿಂದ ತಳಿವಿಜ್ಞಾನ ಕಲಿಸುವುದು ಬೇಡವೇ? ಖಂಡಿತ ಬೇಕು. 1949ರಲ್ಲಿ ಎ. ಜಿ. ಸರ್ಲ್ ಎಂಬ ವಿಜ್ಞಾನಿ ಲಂಡನ್ನಿನ ಬೆಕ್ಕುಗಳ ಬಣ್ಣಗಳನ್ನು ಎಣಿಸಿ, ಆ ಊರಿನಲ್ಲಿ ಯಾವ ಜೀನು ಎಷ್ಟಿದೆ ಎಂದು ‘ಜರ್ನಲ್ ಆಫ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ. ಹಾಲ್ಡೇನ್ ಭಾರತಕ್ಕೆ ಬರುವಾಗ ಜೊತೆಗೆ ತಂದ ಆ ಪತ್ರಿಕೆಯನ್ನು ಇಂದು ಹೊರತರುತ್ತಿರುವುದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ. ಆ ಕೆಲಸಕ್ಕೆ ಈಥರ್ ಬೇಕಿಲ್ಲ, ಮೊಬೈಲೂ ಬೇಕಿಲ್ಲ. ಮೀನಿನ ಮಾರುಕಟ್ಟೆಗೆ, ಹಾಲಿನ ಬೂತಿಗೆ, ಹಾಸ್ಟೆಲ್ಲಿನ ಅಡುಗೆಮನೆಯ ಹಿಂಬದಿಗೆ ಮಕ್ಕಳನ್ನು ಒಂದು ನೋಟುಬುಕ್ಕು ಕೊಟ್ಟು ಕಳಿಸಿ. ಕಪ್ಪೆಷ್ಟು, ಕಿತ್ತಳೆಯೆಷ್ಟು, ಮೂರು ಬಣ್ಣದವೆಷ್ಟು, ಮೂರು ಬಣ್ಣದವು ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ ಯಾಕೆ ಎಂದು ಬರೆದುಕೊಂಡು ಬರಲಿ. ಒಂದು ಷರತ್ತು: ಸಾದಾ ಬೂದುಬಣ್ಣದ ಪಟ್ಟೆಬೆಕ್ಕನ್ನು ಕಂಡರೂ ಬಿಡದೆ ಎಣಿಸಬೇಕು.