ಯಾರ ಶಾಂತಿ?

ಡಿಸೆಂಬರ್ 10 ಬಂತೆಂದರೆ ಮಾನವ ಹಕ್ಕುಗಳ ದಿನ. ಕಚೇರಿಗಳಲ್ಲಿ ದೀಪ, ಹಾರ, ಪ್ರತಿಜ್ಞೆ. ನಾವು ಕೇಳ್ತೀವಿ: ಅಂದು ಅಸುಸೆನಾ ವಿಯಾಫ್ಲೋರ್ ಹೆಸರು ಯಾಕಿಲ್ಲ?

1976ರಲ್ಲಿ ಅರ್ಜೆಂಟೀನಾದ ಗದ್ದುಗೆಯನ್ನು ಸೈನ್ಯ ಕಿತ್ತುಕೊಂಡಿತು. ಕಾರ್ಮಿಕರು, ವಿದ್ಯಾರ್ಥಿಗಳು ರಾತ್ರೋರಾತ್ರಿ ಕಾಣೆಯಾದರು. 1977ರ ಏಪ್ರಿಲ್ 30ರಂದು 14 ಹೆಂಗಸರು ಅಧ್ಯಕ್ಷರ ಅರಮನೆ ಎದುರಿನ ಪ್ಲಾಸಾ ದೆ ಮಾಯೋ ಚೌಕಕ್ಕೆ ಬಂದರು. ಗುಂಪಾಗಿ ನಿಲ್ಲಬೇಡಿ, ನಡೀರಿ ಅಂದರು ಪೊಲೀಸರು. ನಡೆದರು. ಪ್ರತಿ ಗುರುವಾರ, ತಲೆಗೆ ಬಿಳಿ ಬಟ್ಟೆ ಕಟ್ಟಿ, ಚೌಕ ಸುತ್ತುತ್ತಲೇ ಇದ್ದರು. ಆಳುವವರು 'ಹುಚ್ಚಿಯರು' ಅಂದರು.

ಕಾಣೆಯಾದವರ ಹೆಸರುಗಳು ಪತ್ರಿಕೆಯಲ್ಲಿ ಅಚ್ಚಾದ ದಿನವೇ, 1977ರ ಡಿಸೆಂಬರ್ 10ರಂದು, ಈ ತಾಯಂದಿರನ್ನು ಕಟ್ಟಿದ ಅಸುಸೆನಾಳನ್ನು ಹೊತ್ತೊಯ್ದರು. ವಿಮಾನದಿಂದ ಕಡಲಿಗೆಸೆದರು. ಉಳಿದವರು ಮತ್ತೆ ಚೌಕಕ್ಕೇ ಬಂದರು.

1983ರಲ್ಲಿ ಸೈನ್ಯ ಹೋಯಿತು. ಆದರೆ 1986, 87ರಲ್ಲಿ ಚುನಾಯಿತ ಸರ್ಕಾರವೇ ಕಾನೂನು ಮಾಡಿ ಕೊಲೆಗಡುಕರ ವಿಚಾರಣೆಗೆ ಅಡ್ಡಗಟ್ಟಿತು. ಮರೆತರೆ ಶಾಂತಿಯಂತೆ! ನಮ್ಮೂರ ಕಟ್ಟೆಗಳಲ್ಲೂ ಈ ಮಾತು ಕೇಳಿದ್ದೇವೆ: 'ಆದದ್ದಾಯ್ತು, ರಾಜಿ ಮಾಡ್ಕೊಳ್ರಪ್ಪ.' ಹೊಡೆಸಿಕೊಂಡವನಿಗೇ ಯಾವಾಗಲೂ ಶಾಂತಿಪಾಠ. ಹೊಡೆದವನಿಗೆ?

ತಾಯಂದಿರು ರಾಜಿಯಾಗಲಿಲ್ಲ. 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ಕಾನೂನುಗಳನ್ನು ಹೊಡೆದುಹಾಕಿತು. ಅದೇ ವರ್ಷ ಅಸುಸೆನಾಳ ಮೂಳೆಗಳ ಗುರುತೂ ಸಿಕ್ಕಿತು. ಅವಳ ಬೂದಿಯನ್ನು ಆ ಚೌಕದಲ್ಲೇ ಹೂತರು.

ಗೆಳೆಯರೇ, ಮಸಣದಲ್ಲೂ ಶಾಂತಿ ಇರುತ್ತದೆ. ಅದು ನಮಗೆ ಬೇಡ. 'ನನ್ನ ಮಗ ಎಲ್ಲಿ?' ಅಂತ ಕೇಳೋ ತಾಯಿಗೆ ಉತ್ತರ ಸಿಗಬೇಕು. ಅಲ್ಲೀವರೆಗೆ ಹಾರ ಬೇಡ, ಭಾಷಣ ಬೇಡ. ಆ ಗುರುವಾರದ ನಡಿಗೆ ಬೇಕು.